ಫಂಕ್ಷನ್ ಇಂಡೆಕ್ಸ್: ಎ ಟು ಝಡ್ ಪಟ್ಟಿ ಒಂದೇ ಸಾಕಾ?

ಪ್ರಶ್ನೆ: ಸರ್ ನಮಸ್ತೆ. ನಾನು ಉಡುಪಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಲ್ಲಿ ಮ್ಯಾಥ್ಸ್ ಲೆಕ್ಚರರ್. ಡಿಪಾರ್ಟ್‌ಮೆಂಟಿನವ್ರು, ಸ್ಟೂಡೆಂಟ್ಸ್ ಎಲ್ಲ ಸೇರಿ ಆಕ್ಟೇವ್ ಅನ್ನುವ ಗಣಿತದ ಸಾಫ್ಟ್‌ವೇರಿಗೆ ಒಂದು ಪ್ಯಾಕೇಜ್ ಬರೆದಿದ್ದೇವೆ. ಮ್ಯಾಟ್ರಿಕ್ಸ್, ನಂಬರ್ ಥಿಯರಿ, ನ್ಯೂಮರಿಕಲ್ ಮೆಥಡ್ಸ್ ಎಲ್ಲ ಉಂಟು, ಫಂಕ್ಷನ್‌ಗಳು ಇನ್ನೂರು ದಾಟಿವೆ. ಮ್ಯಾನುಯಲ್ ಕೊನೆಗೆ ಎ ಟು ಝಡ್ ಇಂಡೆಕ್ಸ್ ಹಾಕಿದ್ದೇವೆ, ಆದ್ರೂ ಮಕ್ಕಳು "ಮೇಡಂ, ಇದಕ್ಕೆ ಫಂಕ್ಷನ್ ಉಂಟಾ" ಅಂತ ಕೇಳ್ಲಿಕ್ಕೆ ಬರುದು ನಿಂತಿಲ್ಲ. ಟಾಪಿಕ್ ಪ್ರಕಾರ ಮಾಡ್ಬೇಕಿತ್ತಾ? ಎರಡೂ ಬೇಕಾ? ಕನ್ನಡ ಮೀಡಿಯಂನಿಂದ ಬಂದ ಮಕ್ಕಳಿಗೆ ಕನ್ನಡ ಪದ ಸೇರಿಸಬಹುದಾ? ಈಗ ಸರ್ಚ್ ಇರುವಾಗ ಇಂಡೆಕ್ಸೇ ಯಾಕೆ ಅಂತಲೂ ಒಬ್ರು ಕೇಳಿದ್ರು.

ಉತ್ತರ: ಮೇಡಂ, ನಮಸ್ಕಾರ. ನೀವು ಕೇಳಿದ ಕೊನೇ ಪ್ರಶ್ನೆಗೂ ಮೊದಲ ಪ್ರಶ್ನೆಗೂ ಉತ್ತರ ಒಂದೇ ಜಾಗದಲ್ಲಿ ಉಂಟು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಪುರುಸೊತ್ತಲ್ಲಿ ಓದಿ.

ಎ ಟು ಝಡ್ ಪಟ್ಟಿ ಯಾರಿಗೆ ಉಪಯೋಗ? ಫಂಕ್ಷನ್ನಿನ ಹೆಸರು ಗೊತ್ತಿದ್ದವರಿಗೆ. ಹೆಸರು ಗೊತ್ತಿದ್ದವ ಹೆಲ್ಪ್ ಅಂತ ಟೈಪ್ ಮಾಡಿ ಮುಂದೆ ಹೆಸರು ಹಾಕಿದ್ರೆ ಮುಗೀತು, ಅವನಿಗೆ ನಿಮ್ಮ ಇಂಡೆಕ್ಸ್ ಬೇಕಂತಲೇ ಇಲ್ಲ. ಹುಡುಕ್ಲಿಕ್ಕೆ ಬರುದು ಹೆಸರು ಗೊತ್ತಿಲ್ಲದವ. ಅವನ ತಲೆಯಲ್ಲಿ ಇರುದು ನೀವು ಇಟ್ಟ ಹೆಸರಲ್ಲ, ಅವನು ಶಾಲೆಯಲ್ಲಿ, ಪಿಯುಸಿಯಲ್ಲಿ ಕಲಿತ ಹೆಸರು. ನಮ್ಮ ಮಕ್ಕಳು ಹತ್ತನೇ ಕ್ಲಾಸಿನವರೆಗೂ ಎಚ್‌ಸಿಎಫ್ ಅಂತಲೇ ಹೇಳ್ತಾರೆ, ಸಾಫ್ಟ್‌ವೇರಲ್ಲಿ ಎಲ್ಲ ಕಡೆ ಅದಕ್ಕೇ ಇರುದು ಜಿಸಿಡಿ ಅನ್ನುವ ಹೆಸರು. ನ್ಯಾಚುರಲ್ ಲಾಗ್ ಅಂದ್ರೆ ಅವರಿಗೆ ಎಲ್‌ಎನ್, ಆಕ್ಟೇವಲ್ಲಿ ಎಲ್‌ಎನ್ ಅಂತ ಫಂಕ್ಷನ್ನೇ ಇಲ್ಲ, ಲಾಗ್ ಅಂದ್ರೇನೇ ನ್ಯಾಚುರಲ್ ಲಾಗ್, ಅತ್ಲಾಗಿ ಎಕ್ಸೆಲ್‌ನಲ್ಲಿ ಲಾಗ್ ಅಂದ್ರೆ ಬೇಸ್ ಹತ್ತು. "ಸೈನ್ ಇನ್ವರ್ಸ್" ಅಂತ ಬಾಯಲ್ಲಿ ಹೇಳುವವ ಎಸ್ ಅಕ್ಷರದಲ್ಲೋ ಐ ಅಕ್ಷರದಲ್ಲೋ ಹುಡುಕ್ತಾನೆ, ಫಂಕ್ಷನ್ ಇರುದು ಎ ಅಕ್ಷರದಲ್ಲಿ, ಎಸಿನ್ ಅಂತ. ಪೈಥಾನ್ ಭಾಷೆಯ ನಮ್‌ಪೈ ಲೈಬ್ರರಿಯಲ್ಲಿ ಅದು ಆರ್ಕ್‌ಸಿನ್ ಆಗಿತ್ತು, 2024ರಲ್ಲಿ ಬಂದ 2.0 ವರ್ಶನ್ನಿಂದ ಎಸಿನ್ ಅಂತಲೂ ಬರೀಬಹುದು. ಇನ್ನು ಗಾಸ್ ಎಲಿಮಿನೇಷನ್ ಹುಡುಕ್ತಾ ಬಂದವನ ಗತಿ ನೋಡಿ, ಅವನಿಗೆ ಬೇಕಾದದ್ದು ಬರೀ ಒಂದು ಬ್ಯಾಕ್‌ಸ್ಲ್ಯಾಷ್ ಗೆರೆ, ಎ \ ಬಿ ಅಂತ ಬರೆದ್ರೆ ಆಕ್ಟೇವ್ ಒಳಗೆ ಎಲ್‌ಯು ಫ್ಯಾಕ್ಟರೈಸೇಷನ್, ಅಂದ್ರೆ ಗಾಸ್ ಎಲಿಮಿನೇಷನ್ನಿನದ್ದೇ ಇನ್ನೊಂದು ರೂಪ, ಮಾಡಿ ಉತ್ತರ ಕೊಡ್ತದೆ, ಆದ್ರೆ ಆ ಗೆರೆ ಯಾವ ಅಕ್ಷರದ ಕೆಳಗೆ ಬರ್ತದೆ?

ಹಾಗಾಗಿ ನಿಮ್ಮ ಇಂಡೆಕ್ಸ್ ತಪ್ಪಲ್ಲ, ಅದು ನೀವು ಬರೆದ ಫಂಕ್ಷನ್‌ಗಳ ಲೆಕ್ಕ ಅಷ್ಟೆ, ಓದುವವನ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಹುಡುಕುವವನ ಬಾಯಲ್ಲಿ ಬರುವ ಮಾತಿನಿಂದ ಶುರುಮಾಡಿ ನಿಮ್ಮ ಫಂಕ್ಷನ್ನಿನವರೆಗೆ ಅವನನ್ನು ಕರ್ಕೊಂಡು ಬರ್ಬೇಕು, ಅಷ್ಟೇ ಅದರ ಕೆಲಸ. ಇದಕ್ಕೆ ಎರಡು ಪಟ್ಟಿ ಬೇಕು, ಎರಡೂ ಬೇರೆ ಬೇರೆ ರೀತಿಯವು.

ಇದು ನಮ್ಮಲ್ಲಿ ಹೊಸ ವಿಚಾರ ಅಲ್ಲವೇ ಅಲ್ಲ. ಸಂಸ್ಕೃತ ಕಲಿತವರಿಗೆ ಅಮರಕೋಶ ಗೊತ್ತಿರ್ತದೆ, ಅದು ಅಕ್ಷರದ ಪ್ರಕಾರ ಇಲ್ಲ, ಸ್ವರ್ಗವರ್ಗ, ವನೌಷಧಿವರ್ಗ ಹೀಗೆ ವಿಷಯದ ಪ್ರಕಾರ ಉಂಟು, ಒಂದು ಗಿಡದ ಹೆಸರು ಗೊತ್ತಿಲ್ದಿದ್ರೂ ಗಿಡಗಳೆಲ್ಲ ಒಟ್ಟಿಗೆ ಇರುವ ಜಾಗಕ್ಕೆ ಹೋಗಬಹುದು. ಅದೇ 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಕಿಟ್ಟೆಲ್ ನಿಘಂಟು ಪೂರ್ತಿ ಅಕ್ಷರ ಕ್ರಮ, ಪದ ಕೈಯಲ್ಲಿ ಇದ್ರೆ ನೇರ ಅದರ ಮೇಲೆ ಹೋಗಿ ಬೀಳಬಹುದು. ಒಂದು ಇನ್ನೊಂದರ ಕೆಲಸ ಮಾಡುದಿಲ್ಲ. ಅಮರಕೋಶದಲ್ಲೇ ಇನ್ನೊಂದು ವಿಷಯ ಉಂಟು, ಒಂದೇ ಪದಕ್ಕೆ ಹಲವು ಅರ್ಥ ಇದ್ದವಕ್ಕೆ ನಾನಾರ್ಥವರ್ಗ ಅಂತಲೇ ಬೇರೆ, ಅಲ್ಲಿ ಮಾತ್ರ ಕ್ರಮ ಬದಲಾಗಿ ಪದದ ಕೊನೆಯ ವ್ಯಂಜನದ ಪ್ರಕಾರ ಜೋಡಿಸಿದ್ದಾರೆ. ಅಂದ್ರೆ ಹುಡುಕುವ ರೀತಿ ಬದಲಾದಾಗ ಜೋಡಣೆಯೂ ಬದಲಾಗ್ಬೇಕು ಅನ್ನುದು ಅವರಿಗೆ ಆಗಲೇ ಗೊತ್ತಿತ್ತು. ನಾನಾರ್ಥದ ಮಾತು ಮುಂದೆ ಗಾಮಾ ಬರುವಾಗ ಇನ್ನೊಮ್ಮೆ ಬೇಕಾಗ್ತದೆ.

ಮೊದ್ಲು ವಿಷಯದ ಪಟ್ಟಿ. ಇದು ಮ್ಯಾನುಯಲ್ಲಿನ ಮುಂದೆಯೇ ಬರ್ಲಿ, ಕೊನೆಗೆ ಅಲ್ಲ. ಇದನ್ನು ಮೆಷಿನ್ ಮಾಡ್ಲಿಕ್ಕೆ ಆಗುದಿಲ್ಲ, ಯಾರಾದ್ರೂ ಸಬ್ಜೆಕ್ಟ್ ಗೊತ್ತಿದ್ದವರು ಕೂತು ಕೈಯಲ್ಲೇ ಮಾಡ್ಬೇಕು, ಮತ್ತೆ ಇಡೀ ಮ್ಯಾನುಯಲ್‌ನಲ್ಲಿ ಅತಿ ಹೆಚ್ಚು ಯೋಚನೆ ಬೇಡುವ ಎರಡು ಮೂರು ಪೇಜು ಅಂದ್ರೆ ಇದೇ ಅಂತ ನನ್ನ ಅಭಿಪ್ರಾಯ. ಸಾಧಾರಣವಾಗಿ ಎಲ್ರೂ ಏನು ಮಾಡ್ತಾರಂದ್ರೆ ಕೋಡಿನ ಫೋಲ್ಡರ್ ಹೇಗುಂಟೋ ಹಾಗೇ ವಿಭಾಗ ಮಾಡಿ ಬಿಡ್ತಾರೆ. ಫೋಲ್ಡರ್ ಮಾಡಿದ್ದು ಬರೆದವರ ಅನುಕೂಲಕ್ಕೆ, ಯಾವ ಸ್ಟೂಡೆಂಟ್ ಯಾವ ಸೆಮಿಸ್ಟರಲ್ಲಿ ಬರೆದ ಅನ್ನುದರ ಮೇಲೆಯೂ ಇರ್ತದೆ, ಅದು ಓದುವವನಿಗೆ ಬೇಡ. ಇನ್ನು ಕೆಲವರು ಮೆಥಡ್ ಪ್ರಕಾರ ಮಾಡ್ತಾರೆ, ಇಟರೇಟಿವ್ ಮೆಥಡ್ಸ್ ಅಂತ ಒಂದು ವಿಭಾಗ ಮಾಡಿ ಅದರಲ್ಲಿ ಗಾಸ್ ಸೈಡಲ್, ನ್ಯೂಟನ್ ರಾಫ್ಸನ್, ಪವರ್ ಮೆಥಡ್ ಎಲ್ಲ ತುಂಬ್ತಾರೆ, ಮೂರೂ ಬೇರೆ ಬೇರೆ ಸಮಸ್ಯೆಗೆ ಇರುದು, ಒಂದು ಲೀನಿಯರ್ ಸಿಸ್ಟಮಿಗೆ, ಒಂದು ಈಕ್ವೇಷನ್ನಿನ ರೂಟಿಗೆ, ಒಂದು ಐಗನ್‌ವ್ಯಾಲ್ಯೂಗೆ. ಸಮಸ್ಯೆ ಪ್ರಕಾರ ವಿಭಾಗ ಮಾಡಿ. ಅಮೇರಿಕದ ಸ್ಟ್ಯಾಂಡರ್ಡ್ಸ್ ಸಂಸ್ಥೆ ನಿಸ್ಟ್‌ನವ್ರು ಗ್ಯಾಮ್ಸ್ ಅಂತ ಗಣಿತದ ಸಾಫ್ಟ್‌ವೇರಿಗೆ ಒಂದು ವರ್ಗೀಕರಣ ಮಾಡಿದ್ದಾರೆ, ಅದು ಪೂರ್ತಿ ಸಮಸ್ಯೆಯ ಮೇಲೆಯೇ ನಿಂತದ್ದು, ಸಿ ಅಂದ್ರೆ ಎಲಿಮೆಂಟರಿ ಮತ್ತು ಸ್ಪೆಷಲ್ ಫಂಕ್ಷನ್ಸ್, ಡಿ ಅಂದ್ರೆ ಲೀನಿಯರ್ ಆಲ್ಜಿಬ್ರಾ, ಎಫ್ ಅಂದ್ರೆ ನಾನ್‌ಲೀನಿಯರ್ ಈಕ್ವೇಷನ್ಸ್, ಎಚ್ ಅಂದ್ರೆ ಡಿಫರೆನ್ಷಿಯೇಷನ್ ಇಂಟಿಗ್ರೇಷನ್, ಅದರೊಳಗೆ ಮತ್ತೆ ಕವಲು. ನಿಮ್ಮ ಇನ್ನೂರು ಫಂಕ್ಷನ್ನಿಗೆ ಅಷ್ಟು ಆಳ ಬೇಡ, ಮೇಲಿನ ಒಂದು ಹಂತ ನೋಡಿ ನಿಮಗೆ ಬೇಕಾದಷ್ಟು ತಕ್ಕೊಂಡ್ರೆ ಸಾಕು.

ವಿಷಯದ ಪಟ್ಟಿ ಎಷ್ಟು ಮುಖ್ಯ ಅಂತ ಗೊತ್ತಾಗ್ಲಿಕ್ಕೆ ಬೆಸೆಲ್ ಫಂಕ್ಷನ್ ನೋಡಿ. ಆಕ್ಟೇವಲ್ಲಿ ಬೆಸೆಲ್‌ಜೆ, ಬೆಸೆಲ್‌ವೈ, ಬೆಸೆಲ್‌ಐ, ಬೆಸೆಲ್‌ಕೆ, ನಾಲ್ಕಕ್ಕೂ ಮುಂದೆ ಬೆಸೆಲ್ ಅಂತ ಉಂಟು, ಅಕ್ಷರದ ಪಟ್ಟಿಯಲ್ಲಿ ತನ್ನಿಂದ ತಾನೇ ಒಟ್ಟಿಗೆ ಬರ್ತವೆ. ಪೈಥಾನಿನದ್ದೇ ಇನ್ನೊಂದು ಲೈಬ್ರರಿ ಸೈಪೈಯಲ್ಲಿ ಅದೇ ಫಂಕ್ಷನ್‌ಗಳಿಗೆ ಜೆವಿ, ವೈವಿ, ಐವಿ, ಕೆವಿ ಅಂತ ಹೆಸರು, ಅಕ್ಷರದ ಪ್ರಕಾರ ಹಾಕಿದ್ರೆ ಒಂದೊಂದು ಒಂದೊಂದು ಮೂಲೆಗೆ, ಬೆಸೆಲ್ ಅಂತ ಹುಡುಕುವವನಿಗೆ ಒಂದೂ ಸಿಗುದಿಲ್ಲ. ಅವರ ಡಾಕ್ಯುಮೆಂಟೇಷನ್‌ನಲ್ಲಿ ಬೆಸೆಲ್ ಅಂತ ಹೆಡ್ಡಿಂಗ್ ಹಾಕಿ ಒಂದೇ ಕಡೆ ಗುಂಪು ಮಾಡಿದ್ದಕ್ಕೆ ಅದು ಬಳಸ್ಲಿಕ್ಕೆ ಆಗ್ತದೆ. ಲ್ಯಾಪ್ಯಾಕ್ ಅನ್ನುವ ಲೀನಿಯರ್ ಆಲ್ಜಿಬ್ರಾ ಲೈಬ್ರರಿ ಇನ್ನೂ ಕಷ್ಟ. ಡಿಜಿಇಎಸ್‌ವಿ ಅಂತ ಒಂದು ರೂಟೀನ್, ಡಿ ಅಂದ್ರೆ ಡಬಲ್ ಪ್ರಿಸಿಷನ್, ಜಿಇ ಅಂದ್ರೆ ಜನರಲ್ ಮ್ಯಾಟ್ರಿಕ್ಸ್, ಎಸ್‌ವಿ ಅಂದ್ರೆ ಸಾಲ್ವ್. ಹಳೇ ಫೋರ್ಟ್ರಾನ್ 77ರಲ್ಲಿ ಹೆಸರಿಗೆ ಆರೇ ಅಕ್ಷರ ಇದ್ದದ್ದರಿಂದ ಹಾಗೆ ಒತ್ತಿ ಒತ್ತಿ ತುಂಬಿದ್ರು. ಹೆಸರಿನ ಮೊದಲ ಅಕ್ಷರವೇ ನಂಬರಿನ ಟೈಪ್ ಆದ ಕಾರಣ ಅಕ್ಷರ ಕ್ರಮದಲ್ಲಿ ಹಾಕಿದ್ರೆ ಒಂದೇ ಕೆಲಸ ಮಾಡುವ ನಾಲ್ಕು ರೂಟೀನ್ ಎಸ್, ಡಿ, ಸಿ, ಝಡ್ ಅಂತ ನಾಲ್ಕು ಕಡೆ ಚದುರಿ ಹೋಗ್ತವೆ, ಮತ್ತೆ ಡಿ ಕೆಳಗೆ ಒಂದಕ್ಕೊಂದು ಸಂಬಂಧ ಇಲ್ಲದ್ದೆಲ್ಲ ರಾಶಿ ಬೀಳ್ತವೆ.

ಇದರ ಉಲ್ಟಾ, ಹೆಸರಲ್ಲೇ ವಿಷಯ ಇಟ್ಟವರು ಫ್ರಾನ್ಸಿನ ಬೋರ್ಡೋದಲ್ಲಿ ಹುಟ್ಟಿದ ಪಾರಿ ಜಿಪಿ ಅನ್ನುವ ನಂಬರ್ ಥಿಯರಿ ಸಾಫ್ಟ್‌ವೇರಿನವರು. ಎಲಿಪ್ಟಿಕ್ ಕರ್ವಿನದ್ದೆಲ್ಲ ಎಲ್ ಅಂತ ಶುರು, ಪಾಲಿನೋಮಿಯಲ್‌ದು ಪೋಲ್, ಮ್ಯಾಟ್ರಿಕ್ಸ್‌ದು ಮ್ಯಾಟ್. ಅಕ್ಷರದ ಪಟ್ಟಿಯೇ ಅರ್ಧ ವಿಷಯದ ಪಟ್ಟಿ ಆಗ್ತದೆ. ಅಷ್ಟರಲ್ಲೇ ಅವರು ನಿಲ್ಲಿಸ್ಲಿಲ್ಲ, ಬರೀ ? ಒತ್ತಿದ್ರೆ ನಂಬರ್ ಹಾಕಿದ ವಿಭಾಗಗಳ ಪಟ್ಟಿ, ? ಮುಂದೆ ಆ ನಂಬರ್ ಹಾಕಿದ್ರೆ ಆ ವಿಭಾಗದ ಫಂಕ್ಷನ್‌ಗಳು, ?? ಹಾಕಿ ಹೆಸರು ಕೊಟ್ರೆ ಮ್ಯಾನುಯಲ್‌ನ ಪೂರ್ತಿ ವಿವರ, ??? ಹಾಕಿ ಒಂದು ಪದ ಕೊಟ್ರೆ ಮ್ಯಾನುಯಲ್ ಒಳಗೆ ಹುಡುಕಾಟ. ಹುಡುಕುವವನಿಗೆ ಎಷ್ಟು ಗೊತ್ತುಂಟೋ ಅಷ್ಟಕ್ಕೆ ಸರಿಯಾದ ಬಾಗಿಲು. ನಾನು ನೋಡಿದ್ರಲ್ಲಿ ಇಷ್ಟು ಚಂದದ ವ್ಯವಸ್ಥೆ ಕಮ್ಮಿ. ನಿಮ್ಮ ಪ್ಯಾಕೇಜಲ್ಲಿ ಇನ್ನು ಮುಂದೆ ಬರೆಯುವ ಫಂಕ್ಷನ್‌ಗಳಿಗಾದ್ರೂ ಈ ಪ್ರಿಫಿಕ್ಸ್ ಕ್ರಮ ಇಟ್ಕೊಳ್ಳಿ ಅಂತ ನನ್ನ ಒತ್ತಾಯ.

ವಿಷಯದ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಒಂದು ಸಾಲು ವಿವರ ಇರ್ಲೇಬೇಕು, ಬರೀ ಹೆಸರಿನ ಪಟ್ಟಿ ಓದ್ಲಿಕ್ಕೆ ಆಗುದಿಲ್ಲ. ಆ ಒಂದು ಸಾಲಲ್ಲಿ ಜನ ಎಡವುವ ಜಾಗ ಇದ್ರೆ ಅದನ್ನೇ ಹೇಳಿ. ಉದಾಹರಣೆಗೆ ಫಸ್ಟ್ ಕೈಂಡ್ ಕಂಪ್ಲೀಟ್ ಎಲಿಪ್ಟಿಕ್ ಇಂಟಿಗ್ರಲ್. 1964ರ ಅಬ್ರಮೊವಿಟ್ಜ್ ಸ್ಟೆಗುನ್ ಹ್ಯಾಂಡ್‌ಬುಕ್‌ನಲ್ಲಿ ಅದಕ್ಕೆ ಪ್ಯಾರಾಮೀಟರ್ ಎಂ ಕೊಡ್ತಾರೆ, ಅದರ ಮುಂದುವರಿಕೆಯಾಗಿ ನಿಸ್ಟ್ 2010ರಲ್ಲಿ ತಂದ ಡಿಜಿಟಲ್ ಲೈಬ್ರರಿಯಲ್ಲಿ ಮಾಡ್ಯುಲಸ್ ಕೆ, ಎಂ ಅಂದ್ರೆ ಕೆಯ ವರ್ಗ. ಆಕ್ಟೇವ್, ಸೈಪೈ ಎರಡೂ ಎಂ ಕೇಳ್ತವೆ. 0.5 ಕೊಟ್ರೆ ಎಂ ಅಂತ ತಿಳಿದವನಿಗೆ 1.8541 ಬರ್ತದೆ, ಕೆ ಅಂತ ತಿಳಿದವನ ಪುಸ್ತಕದಲ್ಲಿ 1.6858 ಇರ್ತದೆ, ಅವನು ಸಾಫ್ಟ್‌ವೇರೇ ತಪ್ಪು ಅಂತ ಕೂತ್ಕೊಳ್ತಾನೆ. "ಪ್ಯಾರಾಮೀಟರ್ ಎಂ ಬಳಸಿ" ಅಂತ ಆ ಒಂದು ಸಾಲಲ್ಲೇ ಹಾಕಿದ್ರೆ ಒಂದು ಸಂಜೆ ಉಳೀತದೆ.

ಒಂದು ಫಂಕ್ಷನ್ ಎರಡು ವಿಭಾಗಕ್ಕೂ ಸೇರ್ತದೆ ಅಂತಾದ್ರೆ, ಪಾಲಿಫಿಟ್ ತರದ್ದು, ಪಾಲಿನೋಮಿಯಲ್ಲೂ ಹೌದು ಕರ್ವ್ ಫಿಟ್ಟಿಂಗೂ ಹೌದು, ಆಗ ಒಂದು ಕಡೆ ಅದರ ಮನೆ ಇರ್ಲಿ, ಇನ್ನೊಂದು ಕಡೆ ಹೆಸರು ಮತ್ತು "ಅಲ್ಲಿ ನೋಡಿ" ಅಂತ ಮಾತ್ರ. ಎರಡು ಕಡೆ ವಿವರ ಬರೆದ್ರೆ ಒಂದು ವರ್ಷದಲ್ಲಿ ಎರಡೂ ಬೇರೆ ಬೇರೆ ಮಾತಾಡ್ಲಿಕ್ಕೆ ಶುರುಮಾಡ್ತವೆ. "ಇತರೆ" ಅಂತ ವಿಭಾಗ ದಯವಿಟ್ಟು ಮಾಡ್ಬೇಡಿ, ಅದರೊಳಗೆ ಹೋದದ್ದನ್ನು ಯಾರೂ ನೋಡುದಿಲ್ಲ.

ಈಗ ಅಕ್ಷರದ ಇಂಡೆಕ್ಸ್. ಆಕ್ಟೇವ್ ಡಾಕ್ಯುಮೆಂಟೇಷನ್ ಬರುದು ಮ್ಯಾನುಯಲ್ ಬರೆಯುವ ಟೆಕ್ಸಿನ್ಫೋ ಅನ್ನುವ ವ್ಯವಸ್ಥೆಯಲ್ಲಿ, ನೀವೂ ಅದನ್ನೇ ಬಳಸ್ತಿರ್ಬಹುದು. ಟೆಕ್ಸಿನ್ಫೋ ಮೊದಲೇ ಆರು ಇಂಡೆಕ್ಸ್ ಕೊಡ್ತದೆ, ಕಾನ್ಸೆಪ್ಟ್, ಫಂಕ್ಷನ್, ವೇರಿಯೇಬಲ್, ಕೀ, ಪ್ರೋಗ್ರಾಂ, ಡೇಟಾ ಟೈಪ್. ಆರು ಉಂಟಂತ ಆರೂ ಪ್ರಿಂಟ್ ಮಾಡ್ಬೇಕಂತಿಲ್ಲ. ಓದುವವನಿಗೆ ತಾನು ಹುಡುಕುದು ಫಂಕ್ಷನ್ನಾ, ವೇರಿಯೇಬಲ್ಲಾ, ಕಾನ್ಸೆಪ್ಟಾ ಅಂತಲೇ ಗೊತ್ತಿರುದಿಲ್ಲ ನೋಡಿ, ಗೊತ್ತಿದ್ರೆ ಅವನು ಹುಡುಕ್ತಲೇ ಇರ್ಲಿಲ್ಲ. ಎಲ್ಲ ಸೇರಿಸಿ ಒಂದೇ ಮಾಡಿ, ಸಿಂಕ್‌ಕೋಡ್‌ಇಂಡೆಕ್ಸ್ ಅನ್ನುವ ಕಮ್ಯಾಂಡ್ ಅದಕ್ಕಂತಲೇ ಉಂಟು, ಫಂಕ್ಷನ್ ಹೆಸರು ಟೈಪ್‌ರೈಟರ್ ಅಕ್ಷರದಲ್ಲಿ ಬರ್ತದೆ, ಕಾನ್ಸೆಪ್ಟ್ ಸಾದಾ ಅಕ್ಷರದಲ್ಲಿ, ಕಣ್ಣಿಗೆ ವ್ಯತ್ಯಾಸ ತಿಳೀತದೆ.

ಫಂಕ್ಷನ್ ಹೆಸರು ಆ ಇಂಡೆಕ್ಸಿಗೆ ತನ್ನಿಂದ ತಾನೇ ಹೋಗ್ತದೆ. ನೀವು ಕೈಯಲ್ಲಿ ಸೇರಿಸ್ಬೇಕಾದ್ದು ಕಾನ್ಸೆಪ್ಟ್ ಎಂಟ್ರಿಗಳು, ಟೆಕ್ಸಿನ್ಫೋದಲ್ಲಿ ಸಿಂಡೆಕ್ಸ್ ಅಂತ ಒಂದು ಸಾಲು. ಜಿಸಿಡಿ ಇರುವ ಕಡೆ ಎಚ್‌ಸಿಎಫ್, ಲಾಗ್ ಇರುವ ಕಡೆ ಎಲ್‌ಎನ್, ಓಡಿಇ45 ಇರುವ ಕಡೆ ರುಂಗೆ ಕುಟ್ಟ, ಆರ್‌ಆರ್‌ಇಎಫ್ ಇರುವ ಕಡೆ ಗಾಸ್ ಜೋರ್ಡನ್, ಕ್ವಾಡ್‌ವಿ ಇರುವ ಕಡೆ ಸಿಂಪ್ಸನ್ಸ್ ರೂಲ್, ಬ್ಯಾಕ್‌ಸ್ಲ್ಯಾಷ್ ಇರುವ ಕಡೆ ಗಾಸ್ ಎಲಿಮಿನೇಷನ್, "ಲೀನಿಯರ್ ಸಿಸ್ಟಮ್ ಸಾಲ್ವ್", ಮತ್ತೆ "ಬ್ಯಾಕ್‌ಸ್ಲ್ಯಾಷ್" ಅಂತಲೂ. ಚಿಹ್ನೆಗಳಿಗೆ ಯಾವಾಗ್ಲೂ ಬಾಯಲ್ಲಿ ಹೇಳುವ ಹೆಸರನ್ನೂ ಇಂಡೆಕ್ಸಿಗೆ ಹಾಕಿ. ಮ್ಯಾಕ್ಸಿಮಾ ಅನ್ನುವ ಇನ್ನೊಂದು ಗಣಿತ ಸಾಫ್ಟ್‌ವೇರಲ್ಲಿ ಪೈಗೆ %ಪೈ ಅಂತ ಬರೀಬೇಕು, ಆ % ಕಾರಣಕ್ಕೆ ಅದು ಪಿ ಅಕ್ಷರದಲ್ಲಿ ಬಾರದೆ ಚಿಹ್ನೆಗಳ ಒಟ್ಟಿಗೆ ಹೋಗಿ ಕೂತ್ಕೊಂಡ್ರೆ ಹೊಸಬನಿಗೆ ಸಿಗುದು ಹೇಗೆ? ಟೆಕ್ಸಿನ್ಫೋದಲ್ಲಿ ಸಾರ್ಟ್‌ಆಸ್ ಅಂತ ಕೊಟ್ಟು ಯಾವ ಅಕ್ಷರದಲ್ಲಿ ಬರ್ಬೇಕು ಅಂತ ಹೇಳ್ಲಿಕ್ಕೆ ಆಗ್ತದೆ, ಬಳಸಿ.

ಗಾಮಾದಂಥ ನಾನಾರ್ಥದ ಪದಗಳಿಗೆ ಬರೀ "ಗಾಮಾ" ಅಂತ ಒಂದು ಎಂಟ್ರಿ ಸಾಲುದಿಲ್ಲ. ಗಾಮಾ ಫಂಕ್ಷನ್ ಉಂಟು, ಇನ್‌ಕಂಪ್ಲೀಟ್ ಗಾಮಾ ಉಂಟು, ಸ್ಟ್ಯಾಟಿಸ್ಟಿಕ್ಸಿನ ಗಾಮಾ ಡಿಸ್ಟ್ರಿಬ್ಯೂಷನ್ ಉಂಟು, 0.5772 ಬೆಲೆಯ ಆಯ್ಲರ್ ಕಾನ್‌ಸ್ಟಂಟಿಗೂ ಗಾಮಾ ಅಂತಾರೆ, ಮ್ಯಾಕ್ಸಿಮಾದಲ್ಲಿ ಅದು %ಗಾಮಾ. ಗಾಮಾ ಅಂತ ಮೇಲೆ ಹಾಕಿ ಕೆಳಗೆ ಒಳಸಾಲುಗಳಲ್ಲಿ ಯಾವ ಗಾಮಾ ಅಂತ ಬಿಡಿಸಿ. "ಇನ್ವರ್ಸ್" ಕೂಡ ಹಾಗೇ, ಮ್ಯಾಟ್ರಿಕ್ಸಿನ ಇನ್ವರ್ಸ್ ಬೇರೆ, ಟ್ರಿಗನಾಮೆಟ್ರಿಯ ಇನ್ವರ್ಸ್ ಬೇರೆ, ಮಾಡ್ಯುಲೋ ಎನ್ ಇನ್ವರ್ಸ್ ಬೇರೆ. ಆದ್ರೆ "ಮ್ಯಾಟ್ರಿಕ್ಸ್" ಅಂತ ಎಂಟ್ರಿ ಮಾಡಿ ನಲ್ವತ್ತು ಪೇಜ್ ನಂಬರ್ ಸಾಲಾಗಿ ಹಾಕ್ಬೇಡಿ, ಅದರಿಂದ ಯಾರಿಗೂ ಏನೂ ಸಿಗುದಿಲ್ಲ.

ಈ ಪದಗಳು ಎಲ್ಲಿಂದ ಸಿಗ್ತವೆ ಅಂದ್ರೆ ನಿಮ್ಮ ಹತ್ರವೇ ಉಂಟು ಮೇಡಂ. ಮಕ್ಕಳು ಬಂದು ಕೇಳ್ತಾರಲ್ಲ, ಅವರು ಕೇಳಿದ ಮಾತನ್ನೇ ಒಂದು ಪುಸ್ತಕದಲ್ಲಿ ಬರೆದಿಡಿ, ತಿದ್ದದೆ, ಅವರ ಬಾಯಲ್ಲಿ ಹೇಗೆ ಬಂತೋ ಹಾಗೇ. ಲ್ಯಾಬ್ ರೆಕಾರ್ಡಿನ ಎಕ್ಸ್‌ಪರಿಮೆಂಟ್ ಹೆಡ್ಡಿಂಗ್, ಹಳೇ ಕ್ವಶ್ಚನ್ ಪೇಪರ್ ಇವೂ ಒಳ್ಳೇ ಮೂಲ. ಒಂದು ಸೆಮಿಸ್ಟರ್ ಹೀಗೆ ಮಾಡಿದ್ರೆ ನಿಮ್ಮ ಕಾನ್ಸೆಪ್ಟ್ ಇಂಡೆಕ್ಸಿನ ಮುಕ್ಕಾಲು ಪಾಲು ತಯಾರು.

ಆ ಪದಗಳನ್ನು ಇಂಡೆಕ್ಸಲ್ಲಿ ಮಾತ್ರ ಅಲ್ಲ, ಫಂಕ್ಷನ್ನಿನ ಹೆಲ್ಪಿನ ಮೊದಲ ವಾಕ್ಯದಲ್ಲೂ ಹಾಕ್ಲಿಕ್ಕೆ ನೋಡಿ. ಆಕ್ಟೇವಿನ ಲುಕ್‌ಫಾರ್ ಕಮ್ಯಾಂಡ್ ಸುಮ್ಮನೆ ಕೊಟ್ರೆ ಹುಡುಕುದು ಹೆಲ್ಪಿನ ಮೊದಲ ವಾಕ್ಯದಲ್ಲಿ ಮಾತ್ರ, ಪೂರ್ತಿ ಹುಡುಕ್ಬೇಕಾದ್ರೆ -ಆಲ್ ಅಂತ ಬೇರೆ ಹಾಕ್ಬೇಕು. "ಗ್ರೇಟೆಸ್ಟ್ ಕಾಮನ್ ಡಿವೈಸರ್ ಅಥವಾ ಎಚ್‌ಸಿಎಫ್ ಕಂಡುಹಿಡೀತದೆ" ಅಂತ ಮೊದಲ ವಾಕ್ಯ ಇದ್ರೆ ಸರ್ಚ್ ಮಾಡುವವನಿಗೂ ಸಿಗ್ತದೆ, ವಿಷಯದ ಪಟ್ಟಿಗೂ ಅದೇ ಸಾಲು ಆಗ್ತದೆ, ಎರಡು ಸಲ ಬರೆಯುವ ಕೆಲಸ ಇಲ್ಲ.

ಕನ್ನಡ ಪದ ಖಂಡಿತ ಸೇರಿಸಿ, ಇದರಲ್ಲಿ ನಂಗೆ ಎರಡನೇ ಮಾತಿಲ್ಲ. ಮ.ಸಾ.ಅ., ಲ.ಸಾ.ಅ., ವರ್ಗಮೂಲ, ಅವಿಭಾಜ್ಯ ಸಂಖ್ಯೆ, ಬಹುಪದೋಕ್ತಿ, ಇವೆಲ್ಲ ಕನ್ನಡ ಮೀಡಿಯಂ ಮಗುವಿಗೆ ಹತ್ತು ವರ್ಷ ಬಾಯಲ್ಲಿ ಇದ್ದ ಪದ, ಕಾಲೇಜಿಗೆ ಬಂದ ದಿವಸ ಅವು ಇಲ್ಲ ಅಂತ ಮಾಡ್ಲಿಕ್ಕೆ ನಮಗೆ ಹಕ್ಕಿಲ್ಲ. ಮ.ಸಾ.ಅ. ಅಂತ ಹುಡುಕಿದ್ರೆ ಜಿಸಿಡಿ ಸಿಗ್ಬೇಕು. ಆದ್ರೆ ಇಂಗ್ಲಿಷ್ ಇಂಡೆಕ್ಸಿನ ಒಟ್ಟಿಗೆ ಕಲಸುದು ಬೇಡ, ಕನ್ನಡದ್ದು ಒಂದೆರಡು ಪೇಜು ಪ್ರತ್ಯೇಕ ಇರ್ಲಿ, ಎರಡು ಲಿಪಿಯನ್ನು ಒಂದೇ ಕ್ರಮದಲ್ಲಿ ಓದುವ ಅಭ್ಯಾಸ ಯಾರಿಗೂ ಇಲ್ಲ. ಒಂದು ಟೆಕ್ನಿಕಲ್ ತೊಂದರೆ ಮೊದಲೇ ಹೇಳ್ತೇನೆ. ಯೂನಿಕೋಡಿನ ನಂಬರ್ ಪ್ರಕಾರ ಸಾರ್ಟ್ ಮಾಡಿದ್ರೂ ಕನ್ನಡ ಹೆಚ್ಚು ಕಮ್ಮಿ ಸರಿಯಾಗಿಯೇ ಬರ್ತದೆ, ಆದ್ರೆ ಬೇರೆ ಭಾಷೆಯಿಂದ ಬಂದ ಪದಗಳಲ್ಲಿ ಒತ್ತಕ್ಷರ ಆಗ್ಬಾರ್ದು ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕ್ತೇವಲ್ಲ, ಝಡ್‌ಡಬ್ಲ್ಯುಎನ್‌ಜೆ, ಅದರ ನಂಬರ್ ಕನ್ನಡದ ಎಲ್ಲ ಅಕ್ಷರಕ್ಕಿಂತ ಮೇಲೆ ಉಂಟು. ಅದು ಇದ್ದ ಪದ ಪಟ್ಟಿಯಲ್ಲಿ ಎಲ್ಲೋ ಕೆಳಗೆ ಜಾರ್ತದೆ, ಒಬ್ಬರು ಅದನ್ನು ಹಾಕಿ ಇನ್ನೊಬ್ಬರು ಹಾಕದೆ ಟೈಪ್ ಮಾಡಿದ್ರೆ ಒಂದೇ ಪದ ಎರಡು ಎಂಟ್ರಿ ಆಗ್ತದೆ. ಐಸಿಯು ತರದ, ಯೂನಿಕೋಡ್ ಕೊಲೇಷನ್ (ಪದ ಜೋಡಿಸುವ ನಿಯಮ) ಇರುವ ಲೈಬ್ರರಿಯಲ್ಲಿ ಸಾರ್ಟ್ ಮಾಡಿ, ಅದು ಆ ಚಿಹ್ನೆಯನ್ನು ಲೆಕ್ಕಕ್ಕೆ ತಕ್ಕೊಳ್ಳುದಿಲ್ಲ.

ಹಳೇ ಹೆಸರುಗಳನ್ನು ಮರೀಬೇಡಿ. ಎರಡು ವರ್ಷ ಹಿಂದೆ ಪಾಸಾದ ಹುಡುಗನ ಪ್ರಾಜೆಕ್ಟ್ ರಿಪೋರ್ಟಲ್ಲಿ ಹಳೇ ಫಂಕ್ಷನ್ ಹೆಸರೇ ಇರ್ತದೆ, ಜೂನಿಯರ್ಸ್ ಅದನ್ನೇ ನೋಡಿ ಟೈಪ್ ಮಾಡ್ತಾರೆ. ಪಾರಿ ಜಿಪಿಯವರು 1.39 ವರ್ಶನ್ನಿನ ನಂತರ ತುಂಬ ಹೆಸರು ಬದಲಾಯಿಸಿದಾಗ ವಾಟ್‌ನೌ ಅಂತ ಒಂದು ಫಂಕ್ಷನ್ನೇ ಇಟ್ರು, ಹಳೇ ಹೆಸರು ಕೊಟ್ರೆ ಈಗಿನ ಹೆಸರು ಹೇಳ್ತದೆ. ನೀವು ಇಂಡೆಕ್ಸಲ್ಲಿ ಹಳೇ ಹೆಸರು ಉಳಿಸಿ ಹೊಸದಕ್ಕೆ ದಾರಿ ತೋರಿಸಿದ್ರೂ ಸಾಕು.

ಸರ್ಚ್ ಇರುವಾಗ ಇಂಡೆಕ್ಸ್ ಯಾಕೆ ಅಂತ ಕೇಳಿದ್ರಲ್ಲ. ಸರ್ಚಿಗೆ ಪದ ಕೊಡ್ಬೇಕು, ಆ ಪದ ಡಾಕ್ಯುಮೆಂಟಲ್ಲಿ ಇರ್ಬೇಕು. ಎಚ್‌ಸಿಎಫ್ ಅಂತ ಯಾರೂ ಎಲ್ಲಿಯೂ ಬರೀದಿದ್ರೆ ಸರ್ಚಿಗೆ ಸಿಗುದಾದ್ರೂ ಎಂತ? ಇಂಡೆಕ್ಸಿಗೆ ಅಂತ ನೀವು ಸೇರಿಸಿದ ಪದಗಳೇ ಸರ್ಚನ್ನೂ ಸರಿ ಮಾಡುದು. ಮತ್ತೆ ವಿಷಯದ ಪಟ್ಟಿ ಕೊಡುವುದನ್ನು ಸರ್ಚ್ ಯಾವತ್ತೂ ಕೊಡುದಿಲ್ಲ, ಡಿಟರ್ಮಿನಂಟ್ ಹುಡುಕ್ಲಿಕ್ಕೆ ಬಂದವ ಅದರ ಪಕ್ಕದಲ್ಲೇ ಕಂಡೀಷನ್ ನಂಬರ್ ಅಂತ ಒಂದು ಉಂಟು ಅಂತ ನೋಡ್ತಾನೆ, ತನ್ನ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಹತ್ರ ಉಂಟಾ ಅಂತ ತಿಳೀಲಿಕ್ಕೆ ಡಿಟರ್ಮಿನಂಟ್‌ಗಿಂತ ಅದೇ ಸರಿ ಅಂತ ಕಲಿತಾನೆ. ಏನು ಕೇಳ್ಬೇಕು ಅಂತಲೇ ಗೊತ್ತಿಲ್ಲದವನಿಗೆ ಇದೇ ಪಾಠ.

ಕೊನೆಗೆ ಇದನ್ನೆಲ್ಲ ಹಾಳಾಗದ ಹಾಗೆ ಇಟ್ಕೊಳ್ಳುದು. ಆಕ್ಟೇವ್ ಪ್ಯಾಕೇಜಲ್ಲಿ ಇಂಡೆಕ್ಸ್ ಅಂತಲೇ ಒಂದು ಫೈಲ್ ಇಡ್ಲಿಕ್ಕೆ ಆಗ್ತದೆ, ಮೊದಲ ಸಾಲಲ್ಲಿ ಪ್ಯಾಕೇಜಿನ ಹೆಸರು, ಆಮೇಲೆ ಸಾಲಿನ ಶುರುವಿಗೆ ವಿಭಾಗದ ಹೆಸರು, ಅದರ ಕೆಳಗೆ ಸ್ವಲ್ಪ ಜಾಗ ಬಿಟ್ಟು ಫಂಕ್ಷನ್‌ಗಳು. ಆ ಫೈಲ್ ಇಲ್ದಿದ್ರೆ ಡಿಸ್ಕ್ರಿಪ್ಶನ್ ಫೈಲಲ್ಲಿ ಬರೆದ ಕ್ಯಾಟಗರಿಯನ್ನೇ ಅದು ತಕ್ಕೊಳ್ತದೆ, ಇನ್ನೂರು ಫಂಕ್ಷನ್ ಒಂದೇ ಹೆಡ್ಡಿಂಗಿನ ಕೆಳಗೆ ಬೀಳ್ತವೆ. ನಿಮ್ಮ ವಿಷಯದ ಪಟ್ಟಿಯನ್ನು ಈ ಫೈಲಲ್ಲೇ ಬರೀರಿ, ಮ್ಯಾನುಯಲ್ಲಿನ ಪೇಜನ್ನು ಇದರಿಂದ ಸ್ಕ್ರಿಪ್ಟ್ ಮೂಲಕ ತೆಗೀರಿ. ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಬೇಕು, ಫೋಲ್ಡರಿನಲ್ಲಿ ಇರುವ ಫಂಕ್ಷನ್ ಫೈಲುಗಳ ಹೆಸರನ್ನೂ ಈ ಪಟ್ಟಿಯನ್ನೂ ಹೋಲಿಸಿ ಯಾವುದಾದ್ರೂ ಬಿಟ್ಟು ಹೋಗಿದ್ರೆ ರಿಲೀಸ್ ನಿಲ್ಲಿಸುದು. ಆರ್ ಭಾಷೆಯ ಪ್ಯಾಕೇಜ್‌ಗಳಿಗೆ ಪಿಕೆಜಿಡೌನ್ ಅನ್ನುವ ಟೂಲ್ ಇದನ್ನೇ ಮಾಡ್ತದೆ, ರೆಫರೆನ್ಸ್ ಪಟ್ಟಿಯಲ್ಲಿ ಒಂದು ಟಾಪಿಕ್ ಬಿಟ್ಟರೂ ಚೆಕ್ ಮಾಡುವಾಗ ಎರರ್ ಕೊಡ್ತದೆ. ಕೈಯಲ್ಲಿ ನೋಡ್ತೇವೆ ಅಂತ ಬಿಟ್ರೆ ಎಕ್ಸಾಮ್ ಟೈಮಲ್ಲಿ ಯಾರೂ ನೋಡುದಿಲ್ಲ.

ಶುರು ಎಲ್ಲಿಂದ ಅಂದ್ರೆ, ಈ ವಾರ ಇನ್ನೂರೂ ಫಂಕ್ಷನ್ನಿನ ಮೊದಲ ವಾಕ್ಯ ಮಾತ್ರ ಒಂದು ಶೀಟಿಗೆ ತೆಗೆದು ಓದಿ ನೋಡಿ. ಅರ್ಧಕ್ಕರ್ಧ ತಿದ್ಬೇಕಾಗ್ತದೆ. ಅದು ಆದ ಮೇಲೆ ಇಂಡೆಕ್ಸ್ ಫೈಲ್, ಆಮೇಲೆ ಮಕ್ಕಳ ಪದಗಳು. ವಿಭಾಗಗಳ ಕರಡು ಆದಾಗ ಕಳಿಸಿ ಮೇಡಂ, ನೋಡಿ ಹೇಳ್ತೇನೆ.